ಅಳೆದು ಕೊಡುವ ಕೈ

ಧಾರವಾಡದಿಂದ ದಕ್ಷಿಣಾಭಿಮುಖವಾಗಿ ಹೊರಟ ಹೆದ್ದಾರಿಯು ಶಿಗ್ಗಾಂವಿ ಬಂಕಾಪುರಗಳನ್ನು ಹಾಯ್ದು ಹಾವೇರಿಯ ಕಡೆಗೆ ಸಾಗುವಲ್ಲಿ, ಅದರ ಪೂರ್ವಕ್ಕೆ ಸವಣೂರು ಸೀಮೆಯೂ, ಪಶ್ಚಿಮಕ್ಕೆ ಕೆರೆಗಳಿಂದಲೂ ಬತ್ತದ ಗದ್ದೆಗಳಿಂದಲೂ ತುಂಬಿ ಮಲೆನಾಡಿನ ಅಂಚನ್ನು ಮುಟ್ಟುವ ಹಾನಗಲ್ಲು ಸೀಮೆಯೂ, ಇನ್ನೂ ತೆಂಕಣಕ್ಕೆ ಶಿಕಾರಿಪುರದ ಎಲ್ಲೆಗೆ ತಾಗಿದ ಹಿರೇಕೆರೂರು ಸೀಮೆಯೂ ಹಬ್ಬಿಕೊಂಡಿವೆ. ಮುಂಬಯಿ ಸರಕಾರದ ಕಾಲದ ಕಾಗದಪತ್ರಗಳಲ್ಲಿ ಶಿಗ್ಗಾಂವಿಯ ಕಚೇರಿಗೆ ಬಂಕಾಪುರ ತಾಲ್ಲೂಕೆಂದೂ ಹಿರೇಕೆರೂರಿನ ಕಚೇರಿಗೆ ಕೋಡ ತಾಲ್ಲೂಕೆಂದೂ ಹೆಸರಿತ್ತು. ಹಾನಗಲ್ಲು ತನ್ನ ಹೆಸರಿನಲ್ಲಿಯೇ ಇದ್ದಿತು. ಸವಣೂರು ಮಾತ್ರ ನವಾಬರ ಕಿರುಸಂಸ್ಥಾನವಾಗಿ, ಸುತ್ತಲೂ ಆಂಗ್ಲರ ಸೀಮೆಯಿಂದ ಆವೃತವಾಗಿ, 1948ರವರೆಗೆ ಬಾಳಿತು. 1997ರಿಂದ ಈ ನಾಲ್ಕೂ ಹಾವೇರಿ ಜಿಲ್ಲೆಯಲ್ಲಿ ಒಂದುಗೂಡಿವೆ. ಈ ನೆಲದ ಚರಿತ್ರೆಯನ್ನು ಬರೆದವರು ಹಾನಗಲ್ಲಿನ ತಾರಕೇಶ್ವರನ ಗುಡಿಯನ್ನು ವರ್ಣಿಸಿದ್ದಾರೆ. ರನ್ನನಿಗೆ ಗುರುವಾದ ಅಜಿತಸೇನರ ಬಂಕಾಪುರವನ್ನು ಸ್ಮರಿಸಿದ್ದಾರೆ. ಬಾಡದ ಕನಕದಾಸರನ್ನೂ ಶಿಶುನಾಳದ ಶರೀಫರನ್ನೂ ಮಾಸೂರು ಅಬಲೂರುಗಳ ಜನ ತಮ್ಮವನೆಂದು ಹೇಳಿಕೊಳ್ಳುವ ಸರ್ವಜ್ಞನನ್ನೂ ಕೊಂಡಾಡಿದ್ದಾರೆ. ಆದರೆ ಇದೇ ನೆಲದಲ್ಲಿ ಜ್ವರದಿಂದ ನಡುಗುವವನಿಗೆ ಔಷಧವನ್ನು ಅರೆದು, ಅಳೆದು, ಕಟ್ಟಿ, ಸೇವಿಸುವ ವಿಧಾನವನ್ನು ಹೇಳಿ ಕೊಟ್ಟ ಕೈಗಳ ವಿಷಯವಾಗಿ ಯಾರೂ ಹೆಚ್ಚು ಬರೆದಂತಿಲ್ಲ. ಔಷಧವನ್ನು ಬರೆದುಕೊಡುವವನ ಹೊಣೆಯೇ ಬೇರೆ, ಅದನ್ನು ಕೈಗೆ ಕೊಡುವವನ ಹೊಣೆಯೇ ಬೇರೆ ಎಂಬ ತಿಳಿವಳಿಕೆಯು ಇಲ್ಲಿ ಎಷ್ಟು ನಿಧಾನವಾಗಿ, ಎಷ್ಟು ಕಷ್ಟದಿಂದ ನೆಲೆಗೊಂಡಿತೆಂಬುದನ್ನು ಹೇಳುವುದು ನನ್ನ ಉದ್ದೇಶ.

ರೋಗಿಗಳಿಗೆ ಔಷಧವನ್ನು ಧರ್ಮಾರ್ಥವಾಗಿ ಕೊಡುವ ಪದ್ಧತಿಯು ಈ ಭಾಗಕ್ಕೆ ಹೊಸತಲ್ಲ. ಹಿರೇಕೆರೂರಿನ ಗಡಿಗೆ ಸಮೀಪದಲ್ಲಿಯೇ ಇರುವ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಆ ಮಠವನ್ನು ವರ್ಣಿಸುತ್ತ, ಅದು ವೇದ ವ್ಯಾಕರಣ ದರ್ಶನಗಳ ವ್ಯಾಖ್ಯಾನದ ಸ್ಥಾನವಾಗಿರುವಂತೆಯೇ, ದೀನರಿಗೂ ಅನಾಥರಿಗೂ ಅಂಧರಿಗೂ ಬಧಿರರಿಗೂ ಅನ್ನವನ್ನಿಕ್ಕುವ ಸ್ಥಾನವೂ, ನಾನಾ ವ್ಯಾಧಿಗಳಿಂದ ಪೀಡಿತರಾದವರಿಗೆ ಚಿಕಿತ್ಸೆಯನ್ನು ಮಾಡುವ ಸ್ಥಾನವೂ ಆಗಿದ್ದಿತೆಂದು ತಿಳಿಸುತ್ತದೆ. ಪಾಠಶಾಲೆ, ಅನ್ನಸತ್ರ, ವೈದ್ಯಶಾಲೆಗಳು ಒಂದೇ ಸೂರಿನ ಕೆಳಗೆ ಇದ್ದ ಆ ವ್ಯವಸ್ಥೆಯನ್ನು ನೆನೆದಾಗ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ. ಅಲ್ಲಿ ಔಷಧವನ್ನು ಸಿದ್ಧಪಡಿಸುತ್ತಿದ್ದವರ ಹೆಸರನ್ನಾದರೋ ಶಾಸನವು ಹೇಳುವುದಿಲ್ಲ. ಹೇಳದಿರುವುದಕ್ಕೆ ಶಾಸ್ತ್ರದಲ್ಲಿಯೇ ಒಂದು ಕಾರಣವಿದೆಯೆಂದು ನನಗೆ ತೋರುತ್ತದೆ. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾನೆ: ಭಿಷಕ್ಕು, ದ್ರವ್ಯ, ಉಪಸ್ಥಾತೃ ಎಂದರೆ ಪರಿಚಾರಕ, ಮತ್ತು ರೋಗಿ. ದ್ರವ್ಯವು ಬೇಕಾದಷ್ಟು ದೊರೆಯುವಂಥದಾಗಿರಬೇಕು, ರೋಗಕ್ಕೆ ಯೋಗ್ಯವಾಗಿರಬೇಕು, ಅನೇಕ ವಿಧಗಳಲ್ಲಿ ಕಲ್ಪಿಸಲು ಬರುವಂಥದಾಗಿರಬೇಕು, ಸತ್ತ್ವಸಂಪನ್ನವಾಗಿರಬೇಕು ಎಂದು ಆತನು ದ್ರವ್ಯದ ಗುಣಗಳನ್ನು ಎಣಿಸುತ್ತಾನೆಯೇ ಹೊರತು, ಆ ಗುಣಗಳನ್ನು ಕಾಯುವ ಪುರುಷನೊಬ್ಬನನ್ನು ಐದನೆಯ ಪಾದವಾಗಿ ನಿಲ್ಲಿಸುವುದಿಲ್ಲ. ವೈದ್ಯನೇ ಬೇರನ್ನು ಗುರುತಿಸುವವನು, ವೈದ್ಯನೇ ಅರೆಯುವವನು, ವೈದ್ಯನೇ ಕೊಡುವವನು. ಹೆಚ್ಚೆಂದರೆ ಆತನ ಶಿಷ್ಯನೋ ಮಗನೋ ಮನೆಯಾಕೆಯೋ ಔಷಧ ಅರೆಯುವ ಖಲ್ವದ ಮುಂದೆ ಕುಳಿತಾರು.

ಆ ಏಕಹಸ್ತ ವ್ಯವಸ್ಥೆಯು ಅಜ್ಞಾನದಿಂದ ಕೂಡಿದ್ದಿತೆಂದು ಯಾರೂ ಭಾವಿಸಬಾರದು. ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ದನಕರುಗಳ ವ್ಯಾಧಿಗಳಿಗಾಗಿ ‘ಗೋವೈದ್ಯ’ವನ್ನೂ, ಜಗದ್ದಳ ಸೋಮನಾಥನು ಪೂಜ್ಯಪಾದರನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ, ಹದಿನಾಲ್ಕನೆಯ ಶತಮಾನದ ಮಂಗರಾಜನು ಸ್ಥಾವರ ಜಂಗಮ ವಿಷಗಳೆರಡನ್ನೂ ವಿವೇಚಿಸಿದ ‘ಖಗೇಂದ್ರಮಣಿದರ್ಪಣ’ವನ್ನೂ ಕನ್ನಡದಲ್ಲಿಯೇ ರಚಿಸಿದ ನಾಡಿದು. ಹಾನಗಲ್ಲಿನ ಪಶ್ಚಿಮದ ಕಾಡುಗಳತ್ತ ಬೆಳೆಯುವ ಕಾಸರಕದ ಬೀಜವು ಉಗ್ರವಿಷವೆಂಬುದನ್ನು ಅರಿತಿದ್ದ ವೈದ್ಯರು ಅದನ್ನು ಗೋಮೂತ್ರದಲ್ಲಿ ನೆನೆಯಿಟ್ಟು, ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ತುಪ್ಪದಲ್ಲಿ ಹುರಿದು ಶೋಧನೆ ಮಾಡಿದ ಹೊರತು ಔಷಧಕ್ಕೆ ಮುಟ್ಟುತ್ತಿರಲಿಲ್ಲ. ತೂಕಕ್ಕೆ ಅವರಿಗೆ ಗುಲಗಂಜಿಯಿದ್ದಿತು. ತೊಂಬತ್ತಾರು ಗುಂಜಿಗಳಿಗೆ ಒಂದು ತೊಲೆ. ಅಳತೆಗೆ ಬಳಸುವ ಆ ಕೆಂಪು ಬೀಜವೂ ಜಗಿದು ನುಂಗಿದರೆ ಪ್ರಾಣಾಪಾಯಕರವಾದುದೇ. ಆದುದರಿಂದ ತಕ್ಕಡಿಯ ಪಕ್ಕದ ಡಬ್ಬಿಯು ಸಹ ಮಕ್ಕಳ ಕೈಗೆಟುಕದ ಗೂಡಿನಲ್ಲಿರಬೇಕಾಗಿತ್ತು. ಔಷಧವನ್ನು ಯಾವುದರೊಡನೆ ಸೇವಿಸಬೇಕೆಂಬ ಅನುಪಾನದ ವಿಚಾರವು ವೈದ್ಯನ ಉಪದೇಶದಲ್ಲಿ ಅರ್ಧಭಾಗವನ್ನೇ ಆಕ್ರಮಿಸುತ್ತಿದ್ದಿತು: ಜೇನು, ಶುಂಠಿಯ ರಸ, ಮಜ್ಜಿಗೆ, ವೀಳ್ಯದೆಲೆಯ ರಸ. ಸವಣೂರಿನ ಎಲೆಯು ಇಂದಿಗೂ ಪ್ರಸಿದ್ಧವಾದುದು. ತಾಂಬೂಲದ ತಟ್ಟೆಯಲ್ಲಿ ಶೋಭಿಸುವ ಆ ಎಲೆಗೆ ಖಲ್ವದ ಬಳಿಯಲ್ಲಿಯೂ ಕೆಲಸವಿದ್ದಿತೆಂಬುದನ್ನು ಮರೆಯಲಾಗದು.

ಸವಣೂರು ನವಾಬರ ಊರಾದುದರಿಂದ ಇನ್ನೊಂದು ವೈದ್ಯಪರಂಪರೆಯನ್ನೂ ಇಲ್ಲಿ ನೆನೆಯುವುದು ಉಚಿತ. ಯುನಾನಿ ಪದ್ಧತಿಯಲ್ಲಿ ಹಕೀಮನು ನಾಡಿಯನ್ನು ನೋಡಿ ಯೋಗವನ್ನು ಹೇಳುವವನು, ಅತ್ತಾರನು ಮೂಲಿಕೆಗಳನ್ನೂ ಅರ್ಕಗಳನ್ನೂ ಶರಬತ್ತುಗಳನ್ನೂ ಶೇಖರಿಸಿ ಕೊಡುವವನು. ಬಾಗ್ದಾದಿನಲ್ಲಿ ಎಂಟು ಒಂಬತ್ತನೆಯ ಶತಮಾನಗಳಲ್ಲಿಯೇ ಪ್ರತ್ಯೇಕವಾದ ಔಷಧದ ಅಂಗಡಿಗಳಿದ್ದುವು. ಹದಿಮೂರನೆಯ ಶತಮಾನದಲ್ಲಿ ಸಿಸಿಲಿಯನ್ನಾಳಿದ ಎರಡನೆಯ ಫ್ರೆಡರಿಕ್ ದೊರೆಯು ವೈದ್ಯನು ಔಷಧ ವಿಕ್ರಯದಲ್ಲಿ ಪಾಲುಗಾರನಾಗಕೂಡದೆಂದು ಶಾಸನವನ್ನೇ ಮಾಡಿದನು. ಮದ್ದನ್ನು ಹೇಳುವವನು ಮದ್ದಿನ ಮಾರಾಟದಿಂದ ಲಾಭ ಹೊಂದುವವನಾದರೆ ರೋಗಿಯ ಹಿತಕ್ಕೆ ಬಾಧಕವುಂಟಾದೀತೆಂಬ ಶಂಕೆಯು ಅದರ ಹಿಂದಿದ್ದಿತು. ಅದಕ್ಕಿಂತ ಮಿಗಿಲಾಗಿ, ಒಬ್ಬನ ಪ್ರಮಾದವನ್ನು ಇನ್ನೊಬ್ಬನ ಕಣ್ಣು ಹಿಡಿದೀತೆಂಬ ಲಾಭವೂ ಅದರಲ್ಲಿದ್ದಿತು. ಈ ಎರಡನೆಯ ಲಾಭವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲ ಪದ್ಧತಿಯ ದವಾಖಾನೆಗಳು ತಾಲ್ಲೂಕಿನ ಊರುಗಳಿಗೆ ಬಂದುವು. 1880ರ ದಶಕದಲ್ಲಿ ಹಾವೇರಿಯ ಮೇಲೆ ಹಾಯ್ದು ಹೋದ ರೈಲುದಾರಿಯು ಸೀಸೆಗಳ ಪೆಟ್ಟಿಗೆಗಳನ್ನು ತಂದಿಳಿಸಿದರೆ, ಅಲ್ಲಿಂದ ಹಾನಗಲ್ಲು ಹಿರೇಕೆರೂರುಗಳಿಗೆ ಅವು ಚಕ್ಕಡಿಯಲ್ಲಿಯೇ ಹೋಗಬೇಕಾಗಿತ್ತು. ದವಾಖಾನೆಯೊಡನೆ ಕಂಪೌಂಡರನೂ ಬಂದನು. ಡಾಕ್ಟರನು ವರ್ಗವಾಗಿ ಹೋಗುವವನು. ಕಂಪೌಂಡರನು ಊರಿನಲ್ಲಿಯೇ ನಿಲ್ಲುವವನು. ಹೆಚ್ಚಿನವರು ಶಾಲೆಯಲ್ಲಿ ಓದಿ ಬಂದವರಾಗಿರದೆ, ಡಾಕ್ಟರನ ಕೈಕೆಳಗೆ ಸೀಸೆ ತೊಳೆಯುವುದರಿಂದ ಆರಂಭಿಸಿ ವರ್ಷಗಟ್ಟಲೆ ನೋಡಿ ಕಲಿತವರು. ರೋಗಿಯು ಬರುವಾಗ ಮನೆಯಿಂದ ಬರಿಯ ಸೀಸೆಯನ್ನೂ ಬಿರಡೆಯನ್ನೂ ತರುತ್ತಿದ್ದನು. ಕಂಪೌಂಡರನು ದೊಡ್ಡ ಜಾಡಿಗಳಿಂದ ದ್ರವಗಳನ್ನು ಗಾಜಿನ ಅಳತೆಯ ಪಾತ್ರೆಗೆ ಸುರಿದು, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ದ್ರವದ ಬಾಗಿದ ಮೇಲ್ಮೈಯ ತಳವು ಗೆರೆಗೆ ಸರಿಯಾಗಿ ಕೂತಿತೇ ಎಂದು ನೋಡಿ, ಸೀಸೆಗೆ ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಸೀಸೆಯ ಬೆನ್ನಿಗೆ ಅಂಟಿಸಿ, ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧವೆಂದು ತೋರಿಸಿಕೊಡುವನು. ಅಕ್ಷರ ಬಾರದ ಒಕ್ಕಲಿಗನೂ ಗಡಿಯಾರವಿಲ್ಲದ ಮನೆಯ ಮುದುಕಿಯೂ ತಪ್ಪದೆ ಅನುಸರಿಸಬಹುದಾದ ಲೇಖನವದು. ಅದರಷ್ಟು ಸರಳವೂ ಸಮರ್ಥವೂ ಆದ ಸೂಚನೆಯನ್ನು ಇಂದಿನ ಮುದ್ರಿತ ಪೊಟ್ಟಣಗಳ ಮೇಲೆ ನಾನು ಕಂಡಿಲ್ಲ.

ಈ ಕೆಲಸದ ಗಾಂಭೀರ್ಯವನ್ನು ಅರಿಯಬೇಕಾದರೆ ಚಳಿಜ್ವರದ ಔಷಧವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ಹಾನಗಲ್ಲು ಮತ್ತು ಕೋಡ ತಾಲ್ಲೂಕುಗಳ ಕೆರೆ, ಕಾಲುವೆ, ಗದ್ದೆಗಳು ಬತ್ತವನ್ನು ಬೆಳೆಯಿಸಿದಂತೆ ಸೊಳ್ಳೆಗಳನ್ನೂ ಬೆಳೆಯಿಸಿದುವು. ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಜ್ವರವು ಹಳ್ಳಿಗೆ ಹಳ್ಳಿಯನ್ನೇ ಮಲಗಿಸುತ್ತಿದ್ದಿತು. ಅದಕ್ಕೆ ಮದ್ದು ಕ್ವಿನೈನು. ಸಿಂಕೋನಾ ಮರದ ತೊಗಟೆಯಿಂದ ಇದನ್ನು 1820ರಲ್ಲಿ ಪ್ರತ್ಯೇಕಿಸಿದವರು ಪ್ಯಾರಿಸ್ಸಿನ ಪೆಲೆಟಿಯೆ ಮತ್ತು ಕವಾಂಟು ಎಂಬಿಬ್ಬರು. ಇವರೇ ಅದಕ್ಕೆ ಎರಡು ವರ್ಷ ಮೊದಲು, ನಮ್ಮ ಕಾಸರಕದಲ್ಲಿಯೂ ಇರುವ ಸ್ಟ್ರಿಕ್ನೀನ್ ಎಂಬ ವಿಷಸಾರವನ್ನು ಬೇರ್ಪಡಿಸಿದ್ದರು. ಇಬ್ಬರೂ ಔಷಧವೃತ್ತಿಯವರೇ ಎಂಬುದನ್ನು ಈ ವೃತ್ತಿಯನ್ನು ಕೀಳೆಂದು ಬಗೆಯುವವರು ನೆನಪಿಡತಕ್ಕದ್ದು. ಹಾನಗಲ್ಲಿನ ನಾಟಿವೈದ್ಯನು ಗೋಮೂತ್ರ ಹಾಲುಗಳಿಂದ ಶಮನಗೊಳಿಸುತ್ತಿದ್ದ ವಿಷವೂ, ಅದೇ ಊರಿನ ದವಾಖಾನೆಯ ಸೀಸೆಯಲ್ಲಿ ಬಲವರ್ಧಕವೆಂದು ಹನಿಹನಿಯಾಗಿ ಬೆರೆಯುತ್ತಿದ್ದ ದ್ರವವೂ ಒಂದೇ ದ್ರವ್ಯದ ಎರಡು ರೂಪಗಳು.

ಕ್ವಿನೈನಿನ ಲವಣವು ಬರಿಯ ನೀರಿನಲ್ಲಿ ಸುಲಭವಾಗಿ ಕರಗದು. ಸ್ವಲ್ಪ ದುರ್ಬಲ ಗಂಧಕಾಮ್ಲವನ್ನು ಮೊದಲು ಬೆರೆಸಬೇಕು. ಆಮ್ಲವನ್ನು ಮರೆತರೆ, ಅಥವಾ ಅದೇ ಸೀಸೆಗೆ ಕ್ಷಾರವನ್ನು ಸುರಿದರೆ, ಔಷಧವು ಬಿಳಿಯ ಕಲ್ಕವಾಗಿ ತಳದಲ್ಲಿ ಕೂಡುವುದು. ಮೊದಲ ಹೊತ್ತುಗಳಲ್ಲಿ ರೋಗಿಯು ನೀರನ್ನೇ ಕುಡಿದಂತಾಗಿ, ಕಡೆಯ ಹೊತ್ತಿನಲ್ಲಿ ಇಡಿಯ ಸೀಸೆಯ ಸತ್ತ್ವವನ್ನು ಒಮ್ಮೆಗೇ ನುಂಗುವನು. ಕ್ವಿನೈನಿನಲ್ಲಿ ಇದರಿಂದ ಕಿವಿ ಮೊರೆತ, ತಲೆ ಸುತ್ತು, ವಾಂತಿಗಳಾದಾವು. ಸ್ಟ್ರಿಕ್ನೀನಿನ ದ್ರವದೊಡನೆ ಬ್ರೋಮೈಡನ್ನು ಬೆರೆಸಿದಾಗಲಾದರೋ ಸೂಕ್ಷ್ಮವಾದ ಹರಳುಗಳು ನಿಧಾನವಾಗಿ ತಳಕ್ಕಿಳಿದು ಕಡೆಯ ಗುಟುಕು ಮರಣಕ್ಕೇ ಕಾರಣವಾಗುವ ಸಂಭವವಿದ್ದಿತು. ಔಷಧಶಾಸ್ತ್ರದ ಗ್ರಂಥಗಳೆಲ್ಲವೂ ಈ ಉದಾಹರಣೆಯನ್ನು ಎಚ್ಚರಿಕೆಗಾಗಿ ಕೊಡುತ್ತ ಬಂದಿವೆ. ಡಾಕ್ಟರನು ಬರೆದ ಎರಡು ಮದ್ದುಗಳೂ ಪ್ರತ್ಯೇಕವಾಗಿ ನಿರ್ದೋಷವಾಗಿದ್ದು, ಕೂಡಿದಾಗ ಮಾತ್ರ ಮಾರಕವಾಗುವಲ್ಲಿ, ಆ ವಿಪತ್ತನ್ನು ತಡೆಯಬಲ್ಲವನು ಬೆರೆಸುವವನೊಬ್ಬನೇ. ಚೀಟಿಯನ್ನು ಕಣ್ಮುಚ್ಚಿ ಪಾಲಿಸುವುದು ಅವನ ಧರ್ಮವಲ್ಲ. ಅನುಮಾನ ಬಂದಲ್ಲಿ ಕೈತಡೆದು, ಒಳಗೆ ಹೋಗಿ, ಡಾಕ್ಟರನನ್ನು ವಿನಯದಿಂದ ಕೇಳುವುದು ಅವನ ಧರ್ಮ. ಹನ್ನೆರಡು ರೂಪಾಯಿ ಸಂಬಳದ ಸಹಾಯಕನೋ ಇಪ್ಪತ್ತು ರೂಪಾಯಿಯವನೋ, ಅಂತಸ್ತಿನಲ್ಲಿ ಕೆಳಗಿದ್ದವನು ಮೇಲಿನವನನ್ನು ಕೇಳುವುದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಆ ಕಾಲದ ಕಚೇರಿಗಳ ರೀತಿಯನ್ನು ಬಲ್ಲವರು ಊಹಿಸಬಹುದು.

ಅಂಚೆಯ ಕಚೇರಿಗಳ ಮೂಲಕ ಕ್ವಿನೈನಿನ ಸಣ್ಣ ಪೊಟ್ಟಣಗಳನ್ನು ಕಾಸಿಗೊಂದರಂತೆ ಮಾರುವ ಯೋಜನೆಯು 1892ರಲ್ಲಿ ಬಂಗಾಳದಲ್ಲಿ ಆರಂಭವಾಗಿ ಇತರ ಪ್ರಾಂತಗಳಿಗೂ ಹಬ್ಬಿತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜಾವಾ ದ್ವೀಪವು ಜಪಾನೀಯರ ವಶವಾದಾಗ ಜಗತ್ತಿನ ಕ್ವಿನೈನಿನ ಬಹುಪಾಲು ಮೂಲವೇ ಬತ್ತಿತು. ಯುದ್ಧ ಮುಗಿದೊಡನೆ, 1946ರಲ್ಲಿ, ಮುಂಬಯಿ ಸರಕಾರದ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕಾರವಾರ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ನಡೆಯಿತು. ಜ್ವರವು ಕಣ್ಣೆದುರಿಗೇ ಇಳಿಯಿತು. 1953ರಲ್ಲಿ ದೇಶಾದ್ಯಂತ ಕೈಗೊಂಡ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಎರಡು ಜಿಲ್ಲೆಗಳ ಅನುಭವವು ಮಾದರಿಗಳಲ್ಲೊಂದಾಯಿತೆಂಬುದು ನಮ್ಮವರು ಹೆಮ್ಮೆಪಡಬೇಕಾದ ಸಂಗತಿ.

ಇಷ್ಟರಲ್ಲಿ ಔಷಧವೃತ್ತಿಯನ್ನು ನಿಯಮಕ್ಕೊಳಪಡಿಸುವ ಪ್ರಯತ್ನಗಳು ದೂರದ ರಾಜಧಾನಿಯಲ್ಲಿ ನಡೆದಿದ್ದುವು. ಮಾರುಕಟ್ಟೆಯಲ್ಲಿ ಕಲಬೆರಕೆಯ ಔಷಧಗಳು, ಅದರಲ್ಲಿಯೂ ಸತ್ತ್ವಹೀನವಾದ ಕ್ವಿನೈನು, ಹೇರಳವಾಗಿವೆಯೆಂಬ ದೂರುಗಳಿಂದಾಗಿ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಮರುವರ್ಷ ಅದು ಕೊಟ್ಟ ವರದಿಯು ಔಷಧಗಳ ಗುಣಮಟ್ಟಕ್ಕೂ, ಅವುಗಳನ್ನು ಕೊಡುವವರ ಶಿಕ್ಷಣಕ್ಕೂ ಕಾನೂನು ಬೇಕೆಂದಿತು. 1932ರಲ್ಲಿ ಮಹಾದೇವಲಾಲ ಶ್ರಾಫರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಬೋಧನೆಯನ್ನು ಆರಂಭಿಸಿದರು. ಔಷಧ ಕಾಯಿದೆ 1940ರಲ್ಲಿ, ಅದರ ನಿಯಮಗಳು 1945ರಲ್ಲಿ, ಕಡೆಗೆ ಫಾರ್ಮಸಿ ಕಾಯಿದೆ 1948ರ ಮಾರ್ಚಿಯಲ್ಲಿ ಬಂದುವು. ಅದೇ ಮಾರ್ಚಿ ತಿಂಗಳಿನಲ್ಲಿಯೇ ಸವಣೂರು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನವಾಬಶಾಹಿಯು ಮುಗಿದುದೂ ಔಷಧವೃತ್ತಿಗೆ ಕಾನೂನಿನ ಆಸರೆ ದೊರೆತುದೂ ಆ ಊರಿನ ಮಟ್ಟಿಗೆ ಏಕಕಾಲದ ಘಟನೆಗಳು.

ಆ ಕಾಯಿದೆಯಲ್ಲಿ ನನಗೆ ಅತ್ಯಂತ ಮಾನವೀಯವೆಂದು ತೋರುವ ಅಂಶವೊಂದಿದೆ. ಪದವಿಯಿಲ್ಲದೆಯೂ ಆಸ್ಪತ್ರೆಯಲ್ಲಿಯೋ ದವಾಖಾನೆಯಲ್ಲಿಯೋ ಐದು ವರ್ಷಕ್ಕೆ ಕಡಿಮೆಯಿಲ್ಲದೆ ಔಷಧ ಬೆರೆಸುವ ಕೆಲಸ ಮಾಡಿದ್ದವರನ್ನು ಮೊದಲ ಪಟ್ಟಿಗೆ ಸೇರಿಸಿಕೊಳ್ಳಲು ಅದು ಅವಕಾಶವಿತ್ತಿತು. ಹೀಗೆ ಜೀವಮಾನವೆಲ್ಲ ಇನ್ನೊಬ್ಬರ ನೆರಳಿನಲ್ಲಿ ದುಡಿದ ಕಂಪೌಂಡರರು ತಮ್ಮ ಹೆಸರಿನಲ್ಲಿಯೇ ಹೊಣೆ ಹೊರುವ ವೃತ್ತಿವಂತರಾಗುವ ಬಾಗಿಲು ತೆರೆಯಿತು. ನೋಂದಣಿಯಿಲ್ಲದವರು ವೈದ್ಯರ ಚೀಟಿಯ ಮೇಲೆ ಔಷಧ ಕೊಡಕೂಡದೆಂಬ ನಲವತ್ತೆರಡನೆಯ ಕಲಮಾದರೋ, ಅರ್ಹರಾದವರು ಸಾಕಷ್ಟಿಲ್ಲವೆಂಬ ಕಾರಣದಿಂದ ಮುಂದೆ ಮುಂದೆ ಸಾಗುತ್ತ, 1976ರ ತಿದ್ದುಪಡಿಯ ಪ್ರಕಾರ ಎಲ್ಲ ರಾಜ್ಯಗಳಲ್ಲಿಯೂ ತಪ್ಪದೆ ಜಾರಿಗೆ ಬರುವ ಹೊತ್ತಿಗೆ 1984ರ ಸೆಪ್ಟೆಂಬರು ಬಂದಿತು. ಅಷ್ಟರಲ್ಲಿ 1956ರ ಏಕೀಕರಣದಿಂದ ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತ್ತು. ಮಣಿಪಾಲದಲ್ಲಿ 1963ರಲ್ಲಿಯೂ ಬೆಳಗಾವಿಯಲ್ಲಿ 1968ರಲ್ಲಿಯೂ, ಅನಂತರ ಹುಬ್ಬಳ್ಳಿ ಧಾರವಾಡಗಳಲ್ಲಿಯೂ ಫಾರ್ಮಸಿಯ ವಿದ್ಯಾಲಯಗಳು ನೆಲೆಗೊಂಡು, ಹಾನಗಲ್ಲು ಹಿರೇಕೆರೂರುಗಳ ಒಕ್ಕಲಿಗರ ಮಕ್ಕಳೂ, ಬರಬರುತ್ತ ಹೆಣ್ಣುಮಕ್ಕಳೂ, ಈ ವಿದ್ಯೆಯನ್ನು ಕಲಿಯತೊಡಗಿದರು.

ಒಂದೇ ಮನೆತನದಲ್ಲಿ ಮೂರು ತಲೆಮಾರುಗಳು ಈ ವೃತ್ತಿಯಲ್ಲಿದ್ದುವೆಂದು ಭಾವಿಸಿದರೆ, ಅಜ್ಜನು ಗುಂಜಿ ತೊಲೆಗಳಲ್ಲಿ ತೂಗಿದನು. ಮಗನು ಗ್ರೇನು, ಡ್ರಾಮು, ಔನ್ಸುಗಳನ್ನು ಬಾಯಿಪಾಠ ಮಾಡಿದನು. ಮೊಮ್ಮಗನಿಗೆ ಮಿಲಿಗ್ರಾಮು ಬಂದಿತು. ಒಂದು ತೊಲೆಗೆ ನೂರೆಂಬತ್ತು ಗ್ರೇನು, ಒಂದು ಗ್ರೇನಿಗೆ ಸುಮಾರು ಅರವತ್ತೈದು ಮಿಲಿಗ್ರಾಮು. ಮಾನವು ಬದಲಾದಾಗಲೆಲ್ಲ ಪ್ರಮಾದದ ರೂಪವೂ ಬದಲಾಯಿತು: ಗುಂಜಿಯಲ್ಲಿ ಬೀಜಗಳ ಹೆಚ್ಚುಕಡಿಮೆ ತೂಕದಿಂದ, ಹನಿಯಲ್ಲಿ ನೀರಿನ ಹನಿಗೂ ಮದ್ಯಸಾರದ ಹನಿಗೂ ಇರುವ ಗಾತ್ರಭೇದದಿಂದ, ದಶಮಾಂಶದಲ್ಲಿ ತಪ್ಪಿದ ಒಂದು ಚುಕ್ಕೆಯಿಂದ ಹತ್ತುಪಟ್ಟು.

ಕಾರ್ಖಾನೆಯ ಗುಳಿಗೆಗಳು ಬಂದ ಮೇಲೆ ಖಲ್ವವು ಮೂಲೆ ಸೇರಿತು. ಔಷಧ ನಿಯಮಗಳಲ್ಲಿ ಅಂಗಡಿಯ ಫಲಕದ ವಿಷಯದಲ್ಲಿಯೂ ವಿಧಿಯಿದೆ: ನೋಂದಾಯಿತ ಫಾರ್ಮಸಿಸ್ಟನಿದ್ದು ಬೆರೆಸುವ ವ್ಯವಸ್ಥೆಯೂ ಇದ್ದಲ್ಲಿ ಮಾತ್ರ ‘ಫಾರ್ಮಸಿ’ ಎಂದು ಬರೆಯಬಹುದು, ಫಾರ್ಮಸಿಸ್ಟನಿದ್ದು ಬೆರೆಸುವ ಏರ್ಪಾಡಿಲ್ಲದಿದ್ದರೆ ‘ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್’ ಎಂದು ಬರೆಯತಕ್ಕದ್ದು. ಶಿಗ್ಗಾಂವಿಯ ಬಸ್ ನಿಲ್ದಾಣದ ಎದುರಿನಲ್ಲಾಗಲಿ ಹಾನಗಲ್ಲಿನ ಪೇಟೆಯಲ್ಲಾಗಲಿ ನಡೆಯುವವನು ಈ ಭೇದವನ್ನು ಬಲ್ಲವನಾದರೆ, ಬೆರೆಸುವ ಕೌಶಲವು ಎಷ್ಟು ಕ್ಷೀಣಿಸಿದೆಯೆಂಬುದನ್ನು ಫಲಕಗಳಿಂದಲೇ ಓದಬಹುದು. ಇದರಿಂದ ವೃತ್ತಿಯೇ ಬರಿದಾಯಿತೆಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕೈಯ ಕೆಲಸವು ಇಳಿದಷ್ಟೂ ತಿಳಿವಿನ ಕೆಲಸವು ಏರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧ ಭಂಡಾರದಲ್ಲಿ ಯಾವ ಗುಳಿಗೆಯ ಅವಧಿ ಮೊದಲು ಮುಗಿಯುವುದೋ ಅದನ್ನು ಮೊದಲು ಹೊರತೆಗೆಯಬೇಕು. ಲಸಿಕೆಗಳು ಎರಡರಿಂದ ಎಂಟು ಡಿಗ್ರಿಯ ಶೈತ್ಯದಲ್ಲಿಯೇ ಉಳಿಯುವಂತೆ, ವಿದ್ಯುತ್ತು ಹೋಗುವ ಹಳ್ಳಿಯಲ್ಲಿಯೂ ಎಚ್ಚರವಹಿಸಬೇಕು. ಗದ್ದೆಯಲ್ಲಿ ಹಾವು ಕಚ್ಚಿದವನನ್ನು ಹೊತ್ತು ತರುವ ಮುನ್ನವೇ ಪ್ರತಿವಿಷದ ದಾಸ್ತಾನು ಇರಬೇಕು. ಹೊಲಕ್ಕೆ ಕೀಟನಾಶಕ ಸಿಂಪಡಿಸುವ ಕಾಲದಲ್ಲಿ, ಆ ವಿಷವೇರಿದವನಿಗೆ ಕೊಡುವ ಅಟ್ರೋಪಿನ್ ತೀರಕೂಡದು. ಕ್ಷಯರೋಗಿಯು ಎರಡನೆಯ ತಿಂಗಳಲ್ಲಿಯೇ ಕೆಮ್ಮು ನಿಂತಿತೆಂದು ಗುಳಿಗೆಯನ್ನು ಬಿಡಲು ಹೊರಟಾಗ, ಆರು ತಿಂಗಳು ಪೂರೈಸದಿದ್ದರೆ ರೋಗವು ಮದ್ದಿಗೆ ಬಗ್ಗದಂತಾಗಿ ಮರಳೀತೆಂದು ಅವನ ಮನಸ್ಸಿಗೆ ನಾಟುವಂತೆ ಹೇಳಬೇಕು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನುಂಗಿ ಉಪವಾಸ ವ್ರತವನ್ನು ಹಿಡಿಯುವ ತಾಯಿಗೆ ಆಗಬಹುದಾದ ಅಪಾಯವನ್ನು ತಿಳಿಸಬೇಕು. ಹಿಂದಿನ ವೈದ್ಯನ ಅನುಪಾನೋಪದೇಶವೇ ಇಲ್ಲಿ ಹೊಸ ವೇಷದಲ್ಲಿ ಮುಂದುವರಿದಿದೆಯೆಂದು ನಾನು ಭಾವಿಸುತ್ತೇನೆ.

ಕಾನೂನೂ ಈ ದಿಕ್ಕಿನಲ್ಲಿಯೇ ಸಾಗಿದೆ. 2014ರ ಮಾರ್ಚಿಯಿಂದ, ಪ್ರಬಲವಾದ ಪ್ರತಿಜೈವಿಕಗಳನ್ನೂ ಕ್ಷಯದ ಮದ್ದುಗಳನ್ನೂ ಒಳಗೊಂಡ ನಲವತ್ತಾರು ಔಷಧಗಳನ್ನು ಪ್ರತ್ಯೇಕ ಅನುಸೂಚಿಗೆ ಸೇರಿಸಿ, ಅವುಗಳನ್ನು ಕೊಟ್ಟಾಗ ವೈದ್ಯರ ಹಾಗೂ ರೋಗಿಯ ವಿವರಗಳನ್ನು ಬರೆದು ಆ ದಫ್ತರವನ್ನು ಮೂರು ವರ್ಷ ಕಾಪಾಡಬೇಕೆಂದು ವಿಧಿಸಲಾಯಿತು. 2015ರ ಫಾರ್ಮಸಿ ವೃತ್ತಿ ವಿನಿಯಮಗಳು ಚೀಟಿಯನ್ನು ಪರಿಶೀಲಿಸುವುದನ್ನೂ ರೋಗಿಗೆ ತಿಳಿವಳಿಕೆ ಹೇಳುವುದನ್ನೂ ಫಾರ್ಮಸಿಸ್ಟನ ಕರ್ತವ್ಯಗಳೆಂದು ಸ್ಪಷ್ಟಪಡಿಸಿದುವು. ಇಷ್ಟಾದರೂ ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ನೋಂದಣಿಯ ಪ್ರಮಾಣಪತ್ರವು ಚೌಕಟ್ಟಿನೊಳಗೆ ಗೋಡೆಯ ಮೇಲಿರುತ್ತದೆ, ಅದರಲ್ಲಿ ಹೆಸರಿರುವವನು ಬೇರೊಂದು ಊರಿನಲ್ಲಿ ಬೇರೊಂದು ಉದ್ಯೋಗದಲ್ಲಿರುತ್ತಾನೆ. ಪ್ರಮಾಣಪತ್ರಕ್ಕೆ ತಿಂಗಳ ಬಾಡಿಗೆಯನ್ನು ಕೊಟ್ಟು, ಓದದ ಹುಡುಗನ ಕೈಯಿಂದ ಔಷಧ ಕೊಡಿಸುವುದುಂಟು. ಇದನ್ನು ಕಂಡಾಗ ನನಗೆ ಆಗುವ ದುಃಖ ಸಣ್ಣದಲ್ಲ. ಐದು ವರ್ಷ ಸೀಸೆಗಳ ನಡುವೆ ದುಡಿದು ಪಟ್ಟಿಯಲ್ಲಿ ಹೆಸರು ಪಡೆದ ಆ ಮೊದಲಿನ ಕಂಪೌಂಡರರು ಗಾಜಿನ ಪಾತ್ರೆಯ ಮುಂದೆ ದಿನವೂ ತಾವೇ ನಿಂತಿದ್ದರು. ಅಂಗಡಿಯ ಪರವಾನಗಿಯನ್ನು ಕೊಡುವ ಅಧಿಕಾರಿಗಳು ಪ್ರಮಾಣಪತ್ರವನ್ನು ನೋಡುವುದರೊಡನೆ, ಅದರಲ್ಲಿ ಹೆಸರಿರುವವನು ಅಂಗಡಿಯಲ್ಲಿದ್ದಾನೆಯೇ ಎಂದು ವರ್ಷದುದ್ದಕ್ಕೂ ನೋಡುವಂತಾಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಹುದ್ದೆಯು ತೆರವಾದಲ್ಲಿ, ಹೆರಿಗೆ ಲಸಿಕೆಗಳ ಕೆಲಸದಿಂದಲೇ ಬಳಲಿದ ದಾದಿಯ ಹೆಗಲಿಗೆ ಔಷಧ ಭಂಡಾರದ ಕೀಲಿಯನ್ನೂ ಹೊರಿಸುವ ರೂಢಿಯು ನಿಲ್ಲಬೇಕು. ಮತ್ತು ಚೀಟಿಯನ್ನು ಹಿಡಿದು ಬಂದ ರೋಗಿಗಳು, ಹಾನಗಲ್ಲಿನವರಿರಲಿ ಹಿರೇಕೆರೂರಿನವರಿರಲಿ, ಔಷಧವನ್ನು ಕೊಡುತ್ತಿರುವವನು ನೋಂದಾಯಿತನೇ ಎಂದು ಕೇಳುವುದನ್ನು ತಮ್ಮ ಹಕ್ಕೆಂದು ತಿಳಿಯಬೇಕು.